ಮಾತು ಕೇಳುವ ಮಕ್ಕಳಾಗೋಣ



ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟರೆ ರಾಗಿ ತೆನೆ ಕಟ್ಟುವುದಿಲ್ಲ, ತೆಂಗು ಸೊರಗುತ್ತದೆ. ಇಂಥ ನೆಲದಲ್ಲಿ ಒಂದು ಬದುವಿಗಾಗಿ, ಒಂದು ಕೊಳವೆಬಾವಿಯ ನೀರಿಗಾಗಿ ಒಡಹುಟ್ಟಿದವರ ನಡುವೆ ಮಾತು ನಿಂತುಹೋಗುವುದುಂಟು.

ಅಂಥ ಇಬ್ಬರು ಅಣ್ಣತಮ್ಮಂದಿರು ಭಾನುವಾರದ ಬಲಿಪೂಜೆಗೆ ಬಂದಿದ್ದಾರೆಂದು ಭಾವಿಸಿರಿ. ಇಬ್ಬರೂ ಭಕ್ತಿಯಿಂದ ಮೊಣಕಾಲೂರುತ್ತಾರೆ. ಮನೆಯಲ್ಲಿ ದಿನವೂ ಜಪಮಾಲೆ ಹೇಳುತ್ತಾರೆ. ತಪಸ್ಸುಕಾಲದಲ್ಲಿ ಉಪವಾಸ ತಪ್ಪಿಸುವುದಿಲ್ಲ. ಆದರೆ ಪೂಜೆ ಮುಗಿದೊಡನೆ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಇವರಲ್ಲಿ ಭಕ್ತಿ ಇಲ್ಲವೇ? ಇದೆ. ಕೊರತೆ ಇರುವುದು ವಿಧೇಯತೆಯಲ್ಲಿ.

ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಕಠಿಣ ಆಜ್ಞೆ ಕೊಡುತ್ತಾರೆ: ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಸಂಧಾನ ಮಾಡಿಕೊಳ್ಳಬೇಕು. ಇಲ್ಲಿ ಒಂದು ವಿಷಯ ಗಮನಿಸಿರಿ. ನಮಗೆ ಸಹೋದರನ ಮೇಲೆ ಕೋಪವಿದ್ದರೆ ಎಂದು ಸ್ವಾಮಿ ಹೇಳಲಿಲ್ಲ, ಸಹೋದರನಿಗೆ ನಮ್ಮ ಮೇಲೆ ಅಸಮಾಧಾನವಿದ್ದರೆ ಎಂದರು. ತಪ್ಪು ಯಾರದು ಎಂದು ಲೆಕ್ಕ ಹಾಕುತ್ತಾ ಕೂರಲು ಅವರು ಅವಕಾಶ ಕೊಡಲಿಲ್ಲ. ಹಾಗೆಂದು ಅನ್ಯಾಯವನ್ನು ನ್ಯಾಯವೆನ್ನಬೇಕಾಗಿಲ್ಲ. ಜಮೀನು ಅಳೆಸಿರಿ, ಹಿರಿಯರನ್ನು ಕೂರಿಸಿ ಮಾತನಾಡಿರಿ. ಆದರೆ ಮನಸ್ಸಿನ ಬಾಗಿಲು ಮುಚ್ಚಬೇಡಿರಿ.

ದೈವಭಯವೆಂದರೆ ಪೊಲೀಸರನ್ನು ಕಂಡು ಹೆದರುವ ಭಯವಲ್ಲ; ಪ್ರೀತಿಸುವ ತಂದೆಯ ಮನಸ್ಸು ನೋಯಬಾರದೆಂಬ ಮಗುವಿನ ಅಳುಕು. ವಿಧೇಯನಾದ ಮಗನನ್ನು ನಮ್ಮ ತಾಯಂದಿರು 'ಹೇಳಿದ ಮಾತು ಕೇಳುವ ಮಗ' ಎನ್ನುತ್ತಾರೆ. ಕಿವಿಗೆ ಬಿದ್ದರೆ ಅವರಿಗೆ ಸಾಲದು, ನಡೆಯಲ್ಲಿ ಕಾಣಬೇಕು. ಯೇಸುಸ್ವಾಮಿ ಅಂಥ ಮಗ. ನಜರೇತಿನಲ್ಲಿ ತಂದೆತಾಯಿಗೆ ಅಧೀನರಾಗಿ ಬಾಳಿದರು. ಗೆತ್ಸೆಮನೆಯಲ್ಲಿ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿದ್ದಾಗಲೂ ತಂದೆಯ ಚಿತ್ತವನ್ನೇ ಬಯಸಿದರು. ಅವರಿಗೂ ವಿಧೇಯತೆ ಸುಲಭವಾಗಿರಲಿಲ್ಲ.

ನಮ್ಮ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ದೇವಾಲಯವನ್ನು ನೀವು ನೋಡಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದ ಮೇಲೆ ಜನ ಊರು ತೊರೆಯಬೇಕಾಯಿತು. ಜಲಾಶಯ ತುಂಬಿದಾಗ ಆ ಗುಡಿ ನೀರಿನಲ್ಲಿ ನಿಲ್ಲುತ್ತದೆ, ನೀರಿಳಿದಾಗ ಮತ್ತೆ ಪೂರ್ತಿ ಕಾಣಿಸುತ್ತದೆ. ಎತ್ತರದ ಗೋಡೆಗಳು, ಕಮಾನುಗಳು ನಿಂತಿವೆ. ಮೇಲೆ ಛಾವಣಿಯಿಲ್ಲ, ಒಳಗೆ ದೇವರ ವಾಕ್ಯ ಕೇಳುವ ಸಭೆಯಿಲ್ಲ. ಆ ಜನ ಮನಸ್ಸಿದ್ದು ಬಿಟ್ಟುಹೋದವರಲ್ಲ. ನಾವಾದರೋ, ನೀರು ಬಾರದಿದ್ದರೂ ನಮ್ಮ ಹೃದಯವನ್ನು ನಾವೇ ಹಾಗೆ ಬರಿದು ಮಾಡಿಕೊಳ್ಳುತ್ತೇವೆ. ಆಚರಣೆಯ ಗೋಡೆಗಳಷ್ಟೇ ಉಳಿದು, ದೇವರ ಮಾತು ಕೇಳುವವರು ಒಳಗೆ ಯಾರೂ ಇರುವುದಿಲ್ಲ.

ಪ್ರಿಯರೇ, ಬರುವ ಭಾನುವಾರ ಪೂಜೆಗೆ ಹೊರಡುವ ಮುಂಚೆ ಒಂದು ಕೆಲಸ ಮಾಡೋಣ. ಮಾತು ಬಿಟ್ಟ ಮನೆಯ ಅಂಗಳಕ್ಕೆ ಕಾಲಿಟ್ಟು, "ಅಣ್ಣಾ, ಚರ್ಚಿಗೆ ಒಟ್ಟಿಗೆ ಹೋಗೋಣ ಬಾ" ಎಂದು ಕರೆಯೋಣ. ಅವರು ಬಾರದೆ ಇರಬಹುದು. ಆದರೂ ನಾವು ಕರೆದೆವೆಂಬುದನ್ನು ತಂದೆ ಬಲ್ಲರು. ಆ ಮೊದಲ ಹೆಜ್ಜೆಗೆ ಬೇಕಾದ ಬಲವನ್ನು ಪವಿತ್ರಾತ್ಮರು ನಮಗೆ ದಯಪಾಲಿಸಲಿ. ಆಮೆನ್.