ಮಿತಿ ಯಾರಿಗೆ, ಯಾರಿಂದ?

ಮಕ್ಕಳು ಮೊಬೈಲಿನಲ್ಲಿ ಪಾಠ ನೋಡುವುದಕ್ಕೆ ಮಿತಿ ಇರಬೇಕೆ? ಈ ಪ್ರಶ್ನೆಯನ್ನು ಉಳ್ಳವರು ಕೇಳುವ ರೀತಿ ಬೇರೆ, ನಾವು ಕೇಳಬೇಕಾದ ರೀತಿ ಬೇರೆ. ಆಳಿಗೊಂದು ಮೊಬೈಲು, ಕೋಣೆಗೊಂದು ಟಿ.ವಿ. ಇರುವ ಮನೆಯಲ್ಲಿ ಮಿತಿಯೆಂದರೆ ಹೊಟ್ಟೆ ತುಂಬಿದವನಿಗೆ ವೈದ್ಯ ಹೇಳುವ ಪಥ್ಯ. ಸವದತ್ತಿ ಸೀಮೆಯ ಕೂಲಿಕಾರನ ಮನೆಗೆ ಬನ್ನಿ. ಇರುವುದೊಂದೇ ಮೊಬೈಲು, ಅದು ಅಪ್ಪನ ಕಿಸೆಯಲ್ಲಿ. ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಮೂರು ಮಕ್ಕಳು, ಒಂದು ಪರದೆ. ಆ ದಿನದ ನೆಟ್ಟು ಮುಗಿಯಿತೋ, ಪಾಠವೂ ಮುಗಿಯಿತು. ಇಲ್ಲಿ ಮಿತಿ ಹಾಕಿದವರು ತಂದೆತಾಯಿಯಲ್ಲ, ವೈದ್ಯನೂ ಅಲ್ಲ. ಬಡತನ. ಹಸಿದವನಿಗೆ ಉಪವಾಸದ ಮಹಿಮೆ ಹೇಳಲು ಹೋದರೆ ಅವನು ನಗುತ್ತಾನೆ, ಇಲ್ಲವೆ ಸಿಟ್ಟಾಗುತ್ತಾನೆ. ಎರಡೂ ನ್ಯಾಯವೇ.

ಆದ್ದರಿಂದ 'ಮಿತಿ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮಗೆ ಅನುಮಾನ. ಅಕ್ಷರಕ್ಕೆ ಮಿತಿ ಹಾಕಿಸಿಕೊಂಡೇ ಬಂದ ಮನೆಗಳವರು ನಾವು. "ನಿನಗ್ಯಾಕೋ ಸಾಲಿ, ದನಾ ಕಾಯ ಹೋಗು" ಎಂಬುದು ನಮ್ಮ ಅಜ್ಜಂದಿರು ಕೇಳಿದ ಮೊದಲ ಮಿತಿ. ಮನೆತನದಲ್ಲಿ ಮೊದಲ ಸಲ ಡಿಗ್ರಿ ಕಾಗದ ಕಂಡ ನಾವು, ಮಕ್ಕಳ ಕೈಯಿಂದ ಕಲಿಕೆಯ ಸಾಧನವನ್ನು ಕಿತ್ತುಕೊಳ್ಳಿರಿ ಎಂದು ಹೇಳಲಾರೆವು. ಹಾಗಾದರೆ ನಿರಾಕರಣೆಗೂ ಮಿತಿಗೂ ನಡುವಿನ ಗೆರೆ ಎಲ್ಲಿದೆ?

ಈ ಗೆರೆಯ ಮೇಲೆ 2020ರಲ್ಲಿ ಇಡೀ ರಾಜ್ಯ ಜಗ್ಗಾಡಿತು. ಕೋವಿಡ್ ಬಂದು ಮಾರ್ಚ್‌ನಲ್ಲಿ ಸಾಲಿಗಳಿಗೆ ಕೀಲಿ ಬಿತ್ತು. ಎಳೆಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದು ಜೂನ್‌ನಲ್ಲಿ ಸರಕಾರ ಆದೇಶ ಮಾಡಿತು. ಅದು ಮಗುವಿನ ಶಿಕ್ಷಣದ ಹಕ್ಕಿಗೆ ಅಡ್ಡ ಬರುತ್ತದೆಂದು ಜುಲೈ 8ರಂದು ಹೈಕೋರ್ಟು ತಡೆ ಕೊಟ್ಟಿತು. ಅದೇ ತಿಂಗಳು ಕೇಂದ್ರ ಸರಕಾರದ 'ಪ್ರಜ್ಞಾತಾ' ಮಾರ್ಗಸೂಚಿ ಬಂತು: ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠ, ಮೇಲಿನವರಿಗೆ ನಾಲ್ಕು, ಅದಕ್ಕಿಂತ ಹೆಚ್ಚು ಬೇಡ. ಹಕ್ಕು ಎಂದವರೂ ಸರಿ, ಮಿತಿ ಎಂದವರೂ ಸರಿ. ಆದರೆ ಎರಡೂ ಮೊಬೈಲು ಇದ್ದ ಮನೆಯೊಳಗಿನ ಮಾತು. ಇಲ್ಲದ ಮಗುವಿಗೆ ಆ ಹಕ್ಕೂ ಮುಟ್ಟಲಿಲ್ಲ, ಆ ಮಿತಿಯೂ ಮುಟ್ಟಲಿಲ್ಲ. ಅದಕ್ಕೆ ಸಿಕ್ಕಿದ್ದು ಚಂದನ ವಾಹಿನಿಯ 'ಸಂವೇದ' ಪಾಠ, ಆಮೇಲೆ ಮಾಸ್ತರರು, ಅಕ್ಕೋರು ಓಣಿಗೇ ಬಂದು ಗಿಡದ ನೆರಳಲ್ಲಿ ಕಲಿಸಿದ 'ವಿದ್ಯಾಗಮ'. ಆಗಸ್ಟ್‌ನಲ್ಲಿ ಸುರುವಾದದ್ದು ಸೋಂಕಿನ ಅಂಜಿಕೆಯಿಂದ ಅಕ್ಟೋಬರ್‌ನಲ್ಲಿ ನಿಂತಿತು.

ಈಗ ಕಾಲ ತಿರುಗಿದೆ. ಆಗ ಇಲ್ಲದಿದ್ದ ಮೊಬೈಲು ಸಾಲ ಮಾಡಿಯಾದರೂ ಮನೆಗೆ ಬಂತು. ಬಂದದ್ದು ಉಳಿಯಿತು. ಬೈಲಹೊಂಗಲ, ಕಿತ್ತೂರು ಕಡೆ ಕಬ್ಬು ಕಡಿಯುವ ದಿನಗಳಲ್ಲಿ, ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳದ ನಡುವೆ, ಮಗು ಸುಮ್ಮನಿರಲೆಂದು ಕೈಗೆ ಕೊಡುವುದು ಅದನ್ನೇ. "ಮೊಬೈಲಿನಾಗ ಓದಾಕತ್ತಾನ್ರೀ" ಎನ್ನುತ್ತಾಳೆ ಅವ್ವ. ಆ ಮಾತಿನಲ್ಲಿ ಹೆಮ್ಮೆಯಿದೆ. ಅದನ್ನು ಹಗುರ ಮಾಡಬಾರದು. ಆದರೆ ಅಕ್ಷರ ಕಲಿಯಲು ಬಿಡದ ವ್ಯವಸ್ಥೆಯಿಂದಾಗಿ, ಪರದೆಯ ಮೇಲಿರುವುದು ಪಾಠವೋ ಜಾಹೀರಾತೋ ಎಂದು ಅವಳು ಓದಿ ತಿಳಿಯಲಾರಳು. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದರೆ ಪಾಠ ತೆರೆಯುತ್ತದೆ, ನಿಜ. ಬೆರಳು ಇನ್ನೊಂದು ಕಡೆ ಒತ್ತಿದರೆ ರೀಲ್ಸು. ಪಾಠಕ್ಕೆ ಕೊನೆಯಿದೆ. ರೀಲ್ಸಿಗೆ ಕೊನೆಯಿಲ್ಲ, ಇರಬಾರದೆಂದೇ ಅದನ್ನು ಕಟ್ಟಿದ್ದಾರೆ. ಮಗು ನೋಡಿದಷ್ಟು ಹೊತ್ತು ಜಾಹೀರಾತಿನ ದುಡ್ಡು ಯಾರಿಗೋ ಸೇರುತ್ತದೆ. ನಮ್ಮ ಅಪ್ಪಂದಿರ ತೋಳಿನ ದುಡಿಮೆಯನ್ನು ಅಗ್ಗಕ್ಕೆ ಕೊಂಡವರಿದ್ದರು. ನಮ್ಮ ಮಕ್ಕಳ ಕಣ್ಣಿನ ದುಡಿಮೆಗೆ ಆ ಕೂಲಿಯೂ ಇಲ್ಲ.

ಗೆಳೆಯರೇ, ಹಳೆಯ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಅಮೆರಿಕದ ನಾಸಾದ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಿತು. 'ಸೈಟ್' ಎಂದು ಅದರ ಹೆಸರು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ರಾಮದುರ್ಗಕ್ಕೆ ಹತ್ತಿಕೊಂಡ ಬಾದಾಮಿ ಸೀಮೆ ಆಗ ಬಿಜಾಪುರ ಜಿಲ್ಲೆಯದೇ. ಬೆಳಿಗ್ಗೆ ಸಾಲಿ ಮಕ್ಕಳಿಗೆ ಒಂದೂವರೆ ತಾಸು. ಅದನ್ನು ಕನ್ನಡ, ತೆಲುಗು, ಹಿಂದಿ, ಒಡಿಯಾ ಹಂಚಿಕೊಂಡವು. ಕನ್ನಡದ ಮಗುವಿನ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಊರಿಗೊಂದು ಪರದೆ, ಅದರ ಮುಂದೆ ಹಲವು ಮಕ್ಕಳು. ಮುಗಿದ ಮೇಲೆ ಮತ್ತೆ ಮಾಸ್ತರು, ಹಲಗೆ, ಬಳಪ. ಆ ಮಿತಿಯನ್ನು ಯಾರೂ ಕಣ್ಣಿನ ಆರೋಗ್ಯಕ್ಕೆಂದು ಹಾಕಿದ್ದಲ್ಲ. ಉಪಗ್ರಹದ ಹೊತ್ತೇ ಅಷ್ಟಿತ್ತು. ಆದರೂ ಅಲ್ಲಿ ಪರದೆ ಬಂದು ಹೋಗುವ ಬೀಗ, ಮಾಸ್ತರು ಮನೆಯ ಮನುಷ್ಯ.

ನಾವು ಹುಡುಕುತ್ತಿರುವ ಗೆರೆ ಇಲ್ಲಿಯೇ ಇದೆ. "ಸಾಕು, ಇಡು" ಎಂದ ಮೇಲೆ ಮಗುವಿಗೆ ಏನು ಸಿಗುತ್ತದೆ? ಏನೂ ಸಿಗದಿದ್ದರೆ ಅದು ನಿರಾಕರಣೆ. ಒಂದು ಪುಸ್ತಕ, ಒಂದು ಬಯಲು, ಮಾತಾಡಿಸುವ ಒಬ್ಬ ಮನುಷ್ಯ ಸಿಕ್ಕರೆ ಅದು ಮಿತಿ. ನಿಮಿಷಗಳ ಲೆಕ್ಕ ಬೇಡವೆಂದಲ್ಲ. ಎರಡರಿಂದ ನಾಲ್ಕು ವರುಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದು ನಮ್ಮ ಮಕ್ಕಳಿಗೂ ಸಲ್ಲುವ ಮಾತು. ಬಡವರ ಮಕ್ಕಳ ಕಣ್ಣು ಕಬ್ಬಿಣದ್ದಲ್ಲ.

"ಮಾಸ್ತರೇ ಇಲ್ಲದ ಸಾಲಿಗೆ ಟಿ.ವಿ. ಆದರೂ ಇರಲಿ ಬಿಡ್ರಿ" ಎನ್ನುವವರಿದ್ದಾರೆ. ಇರಲಿ. ಆದರೆ ಖಾಲಿ ಹುದ್ದೆಗೆ ಅದೇ ಉತ್ತರವಾಗಬಾರದು. 2023ರಲ್ಲಿ ಸ್ವೀಡನ್ನಿನಂಥ ಸಿರಿವಂತ ದೇಶವೇ ತನ್ನ ಸಾಲಿಗಳಿಗೆ ಮತ್ತೆ ಅಚ್ಚಿನ ಪುಸ್ತಕ ಕೊಡಿಸಲು ಹಣ ತೆಗೆದಿಟ್ಟಿತು. ಉಳ್ಳವರ ಮಗುವಿಗೆ ಪುಸ್ತಕ ಮತ್ತು ಮನುಷ್ಯ, ಇಲ್ಲದವರ ಮಗುವಿಗೆ ಬರೀ ಪರದೆ ಎಂದಾದರೆ, ಊರು-ಕೇರಿಯ ನಡುವೆ ಇನ್ನೊಂದು ಗೋಡೆ ಎದ್ದಂತೆಯೇ.

ಹಳ್ಳಿಯ ಶಿಕ್ಷಕರಿಗೆ ನಮ್ಮ ಕೋರಿಕೆ ಇಷ್ಟು: ಮನೆಗೆಲಸವನ್ನು ವಾಟ್ಸಾಪಿಗೆ ಹಾಕಬೇಡಿ, ಹಲಗೆಯ ಮೇಲೆ ಬರೆದು ನೋಟುಬುಕ್ಕಿಗೆ ಇಳಿಸಿರಿ. ಮೊಬೈಲು ಇಲ್ಲದ ಮಗು ಮರುದಿನ ತಲೆ ತಗ್ಗಿಸಿ ನಿಲ್ಲುವಂತಾಗಬಾರದು. ಓದಿದ ತರುಣರಿಗೆ: ಗ್ರಾಮ ಪಂಚಾಯಿತಿ ಗ್ರಂಥಾಲಯ 'ಅರಿವು ಕೇಂದ್ರ'ವಾಗಿದೆ. ಸಂಜೆ ಅದರ ಬಾಗಿಲು ತೆರೆದಿರುತ್ತದೆಯೆ? ಇಲ್ಲವಾದರೆ ಕೇಳಿರಿ, ತೆರೆಸಿ ಮಕ್ಕಳ ಜತೆ ಕೂಡ್ರಿರಿ. ಅವ್ವಂದಿರಿಗೆ: ಪರದೆ ಓದಲು ಬರದಿದ್ದರೂ ಅಡ್ಡಿಯಿಲ್ಲ. ಅರ್ಧ ತಾಸಾದ ಮೇಲೆ ಮೊಬೈಲು ಇಸಕೊಂಡು, "ಏನ್ ನೋಡಿದಿ, ನನಗೂ ತಿಳಿಸಿ ಹೇಳು" ಎನ್ನಿರಿ. ಮಗು ತಿಳಿಸಿ ಹೇಳಿದರೆ ಅದು ಪಾಠ. ತಡವರಿಸಿದರೆ ಆ ದಿನಕ್ಕೆ ಅಷ್ಟೇ ಸಾಕು. ಈ ಪರೀಕ್ಷೆ ತೆಗೆದುಕೊಳ್ಳಲು ಅಕ್ಷರ ಬೇಕಿಲ್ಲ, ಮಗುವಿನ ಎದುರು ಕೂಡುವ ಹೊತ್ತು ಬೇಕು. ಆ ಹೊತ್ತನ್ನೂ ಕೂಲಿಯ ಗಂಟೆಗಳು ನುಂಗುತ್ತಿದ್ದರೆ, ಮಗುವಿನ ಮಿತಿಗಿಂತ ಮೊದಲು ಆ ದುಡಿಮೆಗೆ ಮಿತಿ ಕೇಳಬೇಕು. ಅದನ್ನು ಕೇಳುವ ಕೆಲಸ ಮಕ್ಕಳದಲ್ಲ, ನಮ್ಮದು.