ದುಭಾಷಿಯ ಧರ್ಮ

ಮುಂಬಯಿಯಲ್ಲಿ ಬಾಳುವ ನಾವು ಕನ್ನಡಿಗರೆಲ್ಲ ಒಂದಲ್ಲ ಒಂದು ದಿನ ದುಭಾಷಿಗಳಾಗುತ್ತೇವೆ. ಅದಕ್ಕೆ ನೇಮಕವಿಲ್ಲ, ಸಂಬಳವೂ ಇಲ್ಲ. ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ದುಡಿಯುತ್ತಿರುವಾಗ ಊರ ಕಡೆಯವರು ಯಾರಾದರೂ ಕಾಗದ ಹಿಡಿದು ಬಂದರೆ ಸಾಕು, "ನಿಮ್ಮವರು ಬಂದಿದ್ದಾರೆ, ಏನೆಂದು ಕೇಳಿ" ಎಂಬ ಕರೆ ಬರುತ್ತದೆ. ಎದ್ದು ಹೋಗಿ ಇಬ್ಬರ ನಡುವೆ ನಿಲ್ಲುತ್ತೇವೆ. ಹಾಗೆ ನಿಂತವರ ಕರ್ತವ್ಯವೇನು? ಕೇಳಿದ್ದನ್ನೆಲ್ಲ ಹೇಳಬೇಕೇ, ಹಿತವಾದದ್ದನ್ನಷ್ಟೇ ಹೇಳಬೇಕೇ?

ಕೆಲವು ವರ್ಷಗಳ ಹಿಂದೆ ನಾವೇ ಮಾಡಿದ ಒಂದು ತಪ್ಪು ನಮ್ಮಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿತು. ಕಟ್ಟಡದ ಕೆಲಸದಲ್ಲಿ ದುಡಿದ, ವಿಜಯಪುರದ ಕಡೆಯ ಹಿರಿಯರೊಬ್ಬರು ತಮ್ಮ ಭವಿಷ್ಯನಿಧಿಯ ಹಣಕ್ಕಾಗಿ ಅಲೆಯುತ್ತಿದ್ದರು. ಭಾಷೆಯ ನೆರವಿಗೆಂದು ನಾವೂ ಜೊತೆಗೆ ಹೋದೆವು. ಅವರ ಹೆಸರಿನಲ್ಲಿ 'ಶರಣ' ಎಂದಿರಬೇಕಾದುದು ಒಂದು ಕಾಗದದಲ್ಲಿ 'ಶರ್ಣ' ಎಂದಾಗಿತ್ತು. ಮೇಜಿನಾಚೆಯ ಅಧಿಕಾರಿ ಮರಾಠಿಯಲ್ಲಿ ಸಿಡುಕಿದರು: ಇವರಿಗೆ ತಲೆಯಿಲ್ಲವೇ, ಹೆಸರು ತಿದ್ದಿಸಿಕೊಂಡು ಬಾರದೆ ಅರ್ಜಿ ಮುಂದೆ ಹೋಗುವುದೇ ಇಲ್ಲ! ಹಿರಿಯರ ಮನಸ್ಸು ನೋಯಬಾರದೆಂದು ನಾವು, "ಹೆಸರಿನದೇನೋ ಸ್ವಲ್ಪ ತೊಡಕಿದೆಯಂತೆ, ತಡವಾಗಬಹುದಂತೆ" ಎಂದೆವು.

ಅವರು ಕಾದರು. ಎರಡು ಸಲ ಕೂಲಿ ಬಿಟ್ಟು ಬಂದು ಬರಿಗೈಯಲ್ಲಿ ಮರಳಿದರು. ನಿಜ ತಿಳಿದ ಮೇಲೂ ನಮ್ಮನ್ನು ಬೈಯಲಿಲ್ಲ. "ಸಾಹೇಬ್ರು ಸಿಟ್ಟಾಗಿದ್ದು ಅವರ ಮಾರಿ ಮ್ಯಾಲೇ ಕಂಡಿತ್ರೀ ಸರ. ನಾ ಏನ್ ಮಾಡಬೇಕು ಅನ್ನೋದಷ್ಟ ನನಗ ಗೊತ್ತಾಗಬೇಕಾಗಿತ್ತು" ಎಂದರು.

ಸಿಟ್ಟನ್ನು ಸೋಸಲು ಹೋಗಿ ನಾವು ವಿಷಯವನ್ನೇ ಚೆಲ್ಲಿದ್ದೆವು. ಕರುಣೆಯೆಂದುಕೊಂಡದ್ದರಲ್ಲಿ ಸ್ವಾರ್ಥವೂ ಇತ್ತು. ಕಹಿಮಾತು ನಮ್ಮ ಬಾಯಿಂದ ಬರಬಾರದು, ಇಬ್ಬರಿಗೂ ಒಳ್ಳೆಯವರಾಗಿ ಉಳಿಯಬೇಕು ಎಂಬ ಆಸೆ ಅದು. ಅವರು ಅದನ್ನು ತಾಳಲಾರರೆಂದು ತೀರ್ಮಾನಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ನ್ಯಾಯಾಲಯದಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಹೇಳಬೇಕು. ದುಭಾಷಿ ಸತ್ಯವಾದ ಅನುವಾದವನ್ನೇ ನುಡಿಯಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆ ವಿಧಿಸಿದ್ದ ಈ ಮಾತನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿದೆ. ಕಚೇರಿಯ ಮೇಜಿನ ಬಳಿ ನಿಂತ ನಮಗಾದರೋ ಮನಸ್ಸಾಕ್ಷಿಯೊಂದೇ ಕಾನೂನು.

ಹಾಗೆಂದು ಶಬ್ದಕ್ಕೆ ಶಬ್ದವಿಟ್ಟರೆ ಸತ್ಯ ಹೇಳಿದಂತಾಗದು. ಹಿಂದಿಯ 'ಶಿಕ್ಷಾ' ಎಂದರೆ ವಿದ್ಯೆ. ನಮ್ಮ 'ಶಿಕ್ಷೆ' ದಂಡನೆ. ಅವರ 'ಅವಕಾಶ್' ರಜೆ; ನಮ್ಮ 'ಅವಕಾಶ'ಕ್ಕೆ ಆ ಅರ್ಥವಿಲ್ಲ. ಅವರ 'ಅನುಮಾನ್' ಅಂದಾಜು, ನಮ್ಮದು ಸಂಶಯ. ಪರಿಚಿತವೆನಿಸುವ ಶಬ್ದವೇ ಹೆಚ್ಚು ಮೋಸ ಮಾಡುತ್ತದೆ. ತಿಳಿಯದಿದ್ದರೆ ಮತ್ತೊಮ್ಮೆ ಕೇಳುವುದರಲ್ಲಿ ಅವಮಾನವಿಲ್ಲ.

ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರೂ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಗಳಗನಾಥರೂ ಕನ್ನಡಕ್ಕೆ ತಂದು ಓದುಗರನ್ನು ಬೆಳೆಸಿದರು. ನಮ್ಮ ಜನಕ್ಕೆ ಒಗ್ಗುವಂತೆ ಅವರು ಸ್ವಾತಂತ್ರ್ಯ ವಹಿಸಿದ್ದೂ ಉಂಟು. ಕಥೆಯಲ್ಲಿ ಅದು ಸಲ್ಲುತ್ತದೆ; ಹೊಟ್ಟೆಪಾಡಿನ ಕಾಗದದಲ್ಲಿ ಸಲ್ಲದು.

ಹಾಗಾದರೆ ಬೈಗುಳವನ್ನೂ ದಾಟಿಸಬೇಕೇ? ಬೈಗುಳ ಬಿಟ್ಟರೆ ನಷ್ಟವಿಲ್ಲ. ಅದರೊಳಗಿನ ವಿಷಯ ಬಿಡಬಾರದು. ನಮ್ಮ ಸಲಹೆಯಿದ್ದರೆ "ಇದು ನಮ್ಮ ಮಾತು" ಎಂದು ಬೇರೆಯಾಗಿ ಹೇಳಬೇಕು. ಅತ್ತಣಿಂದ ತಂದಂತೆ ಇತ್ತಣಿಂದಲೂ ಒಯ್ಯಬೇಕು. ಆ ದಿನ, "ನೀವು ಏನಾದರೂ ಕೇಳಬೇಕೇ?" ಎಂದು ಹಿರಿಯರನ್ನು ನಾವು ವಿಚಾರಿಸಲೇ ಇಲ್ಲ. ಕೇಳಿದ್ದರೆ, ಹೆಸರನ್ನು ಎಲ್ಲಿ ತಿದ್ದಿಸಬೇಕೆಂದು ಅವರೇ ಪ್ರಶ್ನಿಸುತ್ತಿದ್ದರು.

ಕೊನೆಗೆ ಹೆಸರು ಸರಿಹೋಗಿ ಅವರ ಹಣ ಕೈಸೇರಿತು. ಹೋದ ಕೂಲಿ ಮಾತ್ರ ಹೋದಂತೆಯೇ.

ಇಂದು ನಮ್ಮ ಮಕ್ಕಳು ಅಜ್ಜಿಯೊಡನೆ ಬ್ಯಾಂಕಿಗೆ, ಆಸ್ಪತ್ರೆಗೆ ಹೋಗಿ ಇದೇ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಕನ್ನಡ ಕಲಿಸುವಾಗ ಇದನ್ನೂ ಕಲಿಸೋಣ: ಅಜ್ಜಿಗೆ ಹೇಳಿದ ಮಾತು ಅಜ್ಜಿಯದು. ಅದನ್ನು ಮೆಲ್ಲಗೆ, ಪ್ರೀತಿಯಿಂದ ಹೇಳಲಿ. ಆದರೆ ಪೂರ್ತಿಯಾಗಿ ಹೇಳಲಿ.