ಹಕ್ಕಿ ಬರೆಯುವವನ ಮನೆಯಲ್ಲಿ ಒಲೆ ಹಚ್ಚುವವರು ಯಾರು?



ನಿಮ್ಮ ಮಗನೋ ಅಳಿಯನೋ ಒಂದು ದಿನ ಬಂದು, "ಇನ್ನು ನೌಕರಿ ಬೇಡ, ಕಾಡಿನ ಹಕ್ಕಿ, ಪ್ರಾಣಿಗಳ ಚಿತ್ರ ಬರೆದೇ ಬದುಕುತ್ತೇನೆ" ಎಂದರೆ ನೀವು ಏನು ಹೇಳುವಿರಿ? "ಹಕ್ಕಿ ಬರೆದರೆ ಹೊಟ್ಟೆ ತುಂಬುತ್ತದೆಯೇ?" ಎಂದೇ ತಾನೆ? ಇದನ್ನು ಹಣದಾಸೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಕೊರೋನಾ ಬಂದಾಗ ಬೆಂಗಳೂರಿನ ಚಿತ್ರಸಂತೆಯೇ 2021ರಲ್ಲಿ ರಸ್ತೆ ಬಿಟ್ಟು ಕಂಪ್ಯೂಟರ್ ಪರದೆಗೆ ಸರಿಯಬೇಕಾಯಿತು. ಈಗಂತೂ ಒಂದು ಸಾಲು ಟೈಪ್ ಮಾಡಿದರೆ ಯಂತ್ರವೇ ಹುಲಿಯ ಚಿತ್ರ ಕೊಡುತ್ತದೆ. ಆದರೆ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಗತಿ ಏನಾಯಿತೆಂದು ಯೇಸುಸ್ವಾಮಿಯ ಸಾಮತಿ ನಮಗೆ ತಿಳಿಸಿದೆಯಲ್ಲ!

ಸುಮಾರು 200 ವರ್ಷಗಳ ಹಿಂದೆ ಅಮೆರಿಕದ ಒಂದು ಕುಟುಂಬ ಇದೇ ಇಕ್ಕಟ್ಟಿಗೆ ಸಿಲುಕಿತ್ತು. ಜಾನ್ ಜೇಮ್ಸ್ ಆಡುಬಾನ್ ಕೆಂಟಕಿಯಲ್ಲಿ ವ್ಯಾಪಾರಿ. ಅಂಗಡಿಗಿಂತ ಅವನ ಮನಸ್ಸು ಕಾಡಿನಲ್ಲಿ. 1819ರ ಆರ್ಥಿಕ ಕುಸಿತದಲ್ಲಿ ಇದ್ದುದೆಲ್ಲ ಹೋಯಿತು. ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ. ಐದು ಡಾಲರಿಗೊಂದರಂತೆ ಜನರ ಮುಖಚಿತ್ರ ಬರೆದು ಕೆಲಕಾಲ ಹೊಟ್ಟೆ ಹೊರೆದ. 1820ರಲ್ಲಿ, ಅಮೆರಿಕದ ಹಕ್ಕಿಗಳನ್ನೆಲ್ಲ ಬರೆಯುತ್ತೇನೆಂದು ದೋಣಿ ಹತ್ತಿ ಮಿಸಿಸಿಪ್ಪಿ ನದಿಯ ಕಡೆಗೆ ಹೊರಟುಬಿಟ್ಟ.

ಹೆಂಡತಿ ಲೂಸಿ? ಎರಡು ಹೆಣ್ಣು ಕೂಸುಗಳನ್ನು ಮಣ್ಣು ಮಾಡಿದ್ದ ತಾಯಿ. ಸಾಕಲು ಇಬ್ಬರು ಗಂಡುಮಕ್ಕಳು. ಆಕೆ ಲೂಸಿಯಾನದ ತೋಟಗಳ ಒಡೆಯರ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದಳು. 1826ರಲ್ಲಿ ಗಂಡ ತನ್ನ ಚಿತ್ರಗಳನ್ನು ಅಚ್ಚು ಹಾಕಿಸಲು ಇಂಗ್ಲೆಂಡಿಗೆ ಹೊರಟಾಗ ಅವನ ಕೈಯಲ್ಲಿ ಆಕೆಯ ಉಳಿತಾಯವೂ ಇತ್ತು. ಆಮೇಲೆ ಅವರು ಮತ್ತೆ ಕೂಡಿದ್ದು 1829ರಲ್ಲಿ. ತಡವಾಗಿ ತಲುಪುತ್ತಿದ್ದ ಪತ್ರಗಳು ಮನಸ್ತಾಪವನ್ನೂ ಹೊತ್ತು ತಂದವು. ಅಲ್ಲಿ ಅವನು ಊರೂರು ತಿರುಗಿ ಚಂದಾದಾರರನ್ನು ಹಿಡಿಯುತ್ತಿದ್ದ. ಒಂದು ಕಂತಿಗೆ ಐದು ಚಿತ್ರ. ಹೀಗೆ 1838ರ ಹೊತ್ತಿಗೆ 435 ಚಿತ್ರಗಳ 'ಅಮೆರಿಕದ ಪಕ್ಷಿಗಳು' ಪೂರ್ಣವಾಯಿತು. 2010ರಲ್ಲಿ ಅದರ ಒಂದು ಪ್ರತಿ ಲಂಡನ್ನಿನ ಹರಾಜಿನಲ್ಲಿ 70 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಆದರೆ ಆಡುಬಾನ್ 1851ರಲ್ಲಿ ತೀರಿಕೊಂಡ ಮೇಲೆ ಲೂಸಿ ಇಳಿವಯಸ್ಸಿನಲ್ಲಿ ಮತ್ತೆ ಪಾಠ ಹೇಳಬೇಕಾಯಿತು. 1863ರಲ್ಲಿ ಮೂಲಚಿತ್ರಗಳನ್ನೂ ಮಾರಿದಳು.

ಇದನ್ನು ಛಲಗಾರನ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಕಾಣುವುದು ಬೇರೆ. ತಲಾಂತು ಅವನದು, ಅದರ ಬಂಡವಾಳ ಅವಳ ದುಡಿಮೆ. ಅವಳ ಸಂಬಳವಾದರೂ ಎಲ್ಲಿಂದ ಬಂತು? ಆ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಬೆವರಿನಿಂದ. ಆಡುಬಾನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವನು, ಮಾರಿದವನು; ಚಿತ್ರ ಸುಂದರವಾಗಿದೆಯೆಂದು ಇದನ್ನು ಮುಚ್ಚಿಡಬಾರದು.

ಪೋಪ್ ಎರಡನೇ ಜಾನ್ ಪಾಲರು 1999ರಲ್ಲಿ ಕಲಾವಿದರಿಗೆಂದೇ ಒಂದು ಪತ್ರ ಬರೆದು ಅವರ ಕರೆಯನ್ನು ಗೌರವಿಸಿದರು. ಆದರೆ ದುಡಿಮೆಯ ಕುರಿತ 1981ರ ತಮ್ಮ ವಿಶ್ವಪತ್ರದಲ್ಲಿ ಅವರೇ, ಮನೆಯ ಹೊರೆ ಹೊರುವ ಸ್ತ್ರೀಯರ ಶ್ರಮವನ್ನು ಸಮಾಜವಿರಲಿ, ಕೆಲವೊಮ್ಮೆ ಸ್ವಂತ ಕುಟುಂಬವೂ ಗುರುತಿಸುವುದಿಲ್ಲವೆಂದು ನೆನಪಿಸಿದ್ದಾರೆ. ಎರಡನ್ನೂ ಒಟ್ಟಿಗೆ ಓದಬೇಕು.

ಹಾಗೆಂದು ಅವನು ಹೋಗಬಾರದಿತ್ತು ಎನ್ನಲಾರೆ. ಅಂಗಡಿಯಲ್ಲೇ ಕುಳಿತಿದ್ದರೂ ಆ ಮನೆ ಉದ್ಧಾರವಾಗುತ್ತಿತ್ತೆಂದು ನನಗೆ ತೋರುವುದಿಲ್ಲ. ಆದರೆ ಭಾರ ಹೊರುವವರನ್ನು ಮೊದಲು ಕೇಳಬೇಕು. "ಇಷ್ಟು ದಿನ ಆಗುತ್ತದೆ, ಆಮೇಲೆ ಆಗುವುದಿಲ್ಲ" ಎನ್ನುವ ಹಕ್ಕು ಅವರಿಗಿರಬೇಕು. ಬಲಿಪೀಠದ ಮುಂದೆ ಕೊಟ್ಟ ಸಮ್ಮತಿ ಖಾಲಿ ಚೆಕ್ಕಲ್ಲ.

ಇನ್ನೊಂದು ಮಾತು. ಚಿತ್ರ ಬರೆಯುವ ವರ ಪಡೆದವಳು ನಿಮ್ಮ ಸೊಸೆಯಾಗಿದ್ದರೆ? ಮೂರು ವರ್ಷ ಬೇಡ, ಮೂರು ತಿಂಗಳು ಆಕೆ ಬಂಡೀಪುರದ ಅಂಚಿನಲ್ಲಿ ಕುಳಿತು ಹಕ್ಕಿ ಬರೆದರೆ ಅಡುಗೆ ಯಾರದು, ಮಕ್ಕಳನ್ನು ಶಾಲೆಗೆ ಬಿಡುವವರು ಯಾರು, ಬಣ್ಣದ ಖರ್ಚು ಎಲ್ಲಿಂದ? ಒಂದು ರಾತ್ರಿ ಜಪಸರ ಮುಗಿದ ಮೇಲೆ, ಎಲ್ಲರೂ ಕೂತಿರುವಾಗಲೇ, ಕಾಗದ ಪೆನ್ನು ತಂದು ಈ ಲೆಕ್ಕವನ್ನು ಬರೆದು ನೋಡಿ.